28 ಸಂಚಿಕೆ, ಒಂದು ಸ್ಕೇಲು: ನನ್ನ ಡಿಸರ್ಟೇಶನ್ ಅನುಭವ

ನಾನು ಪತ್ರಿಕೋದ್ಯಮ ಎಂ.ಎ. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1951ರಲ್ಲಿ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಶುರು ಮಾಡಿದ ವಿಭಾಗ ಇದು. ವರದಿಗಾರಿಕೆ, ಸಂಪಾದನೆ, ಮಾಧ್ಯಮ ಕಾನೂನು ಎಲ್ಲ ಓದಿದೆ. ಆದರೆ ಪತ್ರಿಕೆಯನ್ನು ಹೇಗೆ ನೋಡಬೇಕು ಅಂತ ಗೊತ್ತಾಗಿದ್ದು ಕೊನೆಯ ಸೆಮಿಸ್ಟರ್‌ನ ಡಿಸರ್ಟೇಶನ್‌ನಿಂದ, ಅಂದರೆ ಸಂಶೋಧನಾ ಪ್ರಬಂಧದಿಂದ.

ನಮ್ಮದು ಟಿ. ನರಸೀಪುರ ಕಡೆ ಭತ್ತ ಬೆಳೆಯುವ ಮನೆ. ಹಾಗಾಗಿ ಸಿನಾಪ್ಸಿಸ್‌ನಲ್ಲಿ (ಪ್ರಬಂಧದ ರೂಪರೇಖೆಯಲ್ಲಿ) 'ಕನ್ನಡ ಪತ್ರಿಕೆಗಳಲ್ಲಿ ಕೃಷಿ' ಅಂತ ಬರೆದುಕೊಂಡು ಹೋದೆ. ಗೈಡ್ ಕೇಳಿದ್ದು ಒಂದೇ ಪ್ರಶ್ನೆ: "ಏನನ್ನು ಎಣಿಸ್ತೀಯಮ್ಮ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊನೆಗೆ, ಕೃಷಿ ಸುದ್ದಿಗೆ ಎಷ್ಟು ಜಾಗ ಸಿಗುತ್ತದೆ ಅಂತ ಅಳೆಯೋಣ ಅಂದುಕೊಂಡು ಎರಡು ದಿನಪತ್ರಿಕೆ ಆರಿಸಿಕೊಂಡೆ, ಒಂದು ರಾಜ್ಯಮಟ್ಟದ್ದು, ಇನ್ನೊಂದು ಜಿಲ್ಲೆಯದ್ದು. ದಿನಗಳನ್ನು ಆರಿಸುವಾಗ ಸಾಲಾಗಿ ಒಂದು ವಾರ ತೆಗೆದುಕೊಳ್ಳಬೇಡಿ. ಆ ವಾರವೇ ಅಧಿವೇಶನವೋ ಪ್ರವಾಹವೋ ಬಂದರೆ ಲೆಕ್ಕವೆಲ್ಲ ಒಂದೇ ಕಡೆ ವಾಲುತ್ತದೆ. ನಾನು ಮೂರು ತಿಂಗಳಿನ ಎಲ್ಲ ಸೋಮವಾರಗಳಿಂದ ಚೀಟಿ ಎತ್ತಿ ಎರಡು, ಮಂಗಳವಾರಗಳಿಂದ ಎರಡು, ಹೀಗೆ ಭಾನುವಾರದವರೆಗೆ ಒಟ್ಟು 14 ದಿನ ಆರಿಸಿದೆ. ಎರಡು ಪತ್ರಿಕೆ ಸೇರಿ 28 ಸಂಚಿಕೆ.

ಆಮೇಲೆ ಲೈಬ್ರರಿಯಲ್ಲಿ ಸ್ಕೇಲು ಹಿಡಿದು ಕೂತೆ. ಪ್ರತಿ ಸುದ್ದಿಯ ಎತ್ತರವನ್ನು ಅದು ಹರಡಿರುವ ಕಾಲಂಗಳ ಸಂಖ್ಯೆಯಿಂದ ಗುಣಿಸಿದರೆ ಕಾಲಂ ಸೆಂಟಿಮೀಟರ್, ಅಂದರೆ ಆ ಸುದ್ದಿ ಹಿಡಿದ ಜಾಗ, ಸಿಗುತ್ತದೆ. ಶೀರ್ಷಿಕೆ, ಫೋಟೊ ಸೇರಿಸಬೇಕಾ ಬೇಡವಾ ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ನಾನು ಬರೆದಿಡದೆ ನಾಲ್ಕು ಸಂಚಿಕೆಗಳನ್ನು ಮತ್ತೆ ಅಳೆಯಬೇಕಾಯಿತು.

ಅಳೆಯುತ್ತಾ ಹೋದಂತೆ ಜಾಗಕ್ಕಿಂತ ಇನ್ನೊಂದು ವಿಷಯ ಕಾಡತೊಡಗಿತು. ನಾನು 'ಕೃಷಿ ಸುದ್ದಿ' ಅಂತ ಗುರುತು ಹಾಕಿದ್ದರಲ್ಲಿ ಸಚಿವರು ಮಾತಾಡಿದ್ದರು, ಅಧಿಕಾರಿಗಳು ಮಾತಾಡಿದ್ದರು, ನಮ್ಮಪ್ಪನಂಥವರ ಮಾತು ಹುಡುಕಬೇಕಿತ್ತು. ಅಂದೇ ಕೋಡಿಂಗ್ ಶೀಟ್‌ಗೆ (ಪ್ರತಿ ಸುದ್ದಿಯ ವಿವರ ಗುರುತು ಹಾಕುವ ಹಾಳೆಗೆ) 'ಯಾರ ಮಾತು?' ಅಂತ ಒಂದು ಕಾಲಂ ಸೇರಿಸಿ, ಮೊದಲ ಪುಟದಿಂದ ಮತ್ತೆ ಶುರು ಮಾಡಿದೆ. ಇಪ್ಪತ್ತು ದಿನ ಹಿಡಿಯಿತು. ಆದರೆ ಪ್ರಬಂಧಕ್ಕೆ ಜೀವ ಬಂದಿದ್ದು ಅಲ್ಲಿಂದ.

ಒಬ್ಬರೇ ಎಣಿಸಿದರೆ ಸಾಲದು. ಹಾಸ್ಟೆಲ್ ಗೆಳತಿಗೆ ಮೂರು ಸಂಚಿಕೆ ಕೊಟ್ಟು, ನನ್ನ ಶೀಟ್ ತೋರಿಸದೆ ಗುರುತು ಹಾಕಿಸಿದೆ. ರೈತ ಸಂಘದ ಮುಖಂಡರನ್ನು ಅವಳು 'ರೈತ' ಅಂದಳು, ನಾನು 'ಸಂಘಟನೆ' ಅಂದಿದ್ದೆ. ಇಬ್ಬರೂ ಒಪ್ಪುವ ಹಾಗೆ ವ್ಯಾಖ್ಯೆ ತಿದ್ದಿದೆವು. ಇದನ್ನು ದಯವಿಟ್ಟು ಬಿಡಬೇಡಿ.

ಇನ್ನು ಟೈಪಿಂಗ್. ಮೊದಲ ಅಧ್ಯಾಯದಿಂದಲೇ ಯೂನಿಕೋಡ್ ಬಳಸಿ, ಅದರಲ್ಲಿ ಟೈಪ್ ಮಾಡಿದ್ದು ಬೇರೆ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ನಾನು ಅರ್ಧ ಹಳೆಯ ಫಾಂಟ್‌ನಲ್ಲಿ, ಅರ್ಧ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ. ಪ್ರಿಂಟ್ ಹಾಕಿಸುವ ಹಿಂದಿನ ರಾತ್ರಿ ಎರಡು ಅಧ್ಯಾಯ ಪೂರ್ತಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡಿತು.

ವೈವಾಗೆ (ಮೌಖಿಕ ಪರೀಕ್ಷೆಗೆ) ಹೋಗುವಾಗ ಕೋಡಿಂಗ್ ಶೀಟ್‌ಗಳ ಕಟ್ಟು ಜೊತೆಗಿರಲಿ. ಪರೀಕ್ಷಕರು ನನ್ನ ಕೊನೆಯ ಅಧ್ಯಾಯ ತೆರೆಯಲೇ ಇಲ್ಲ. ಆ ಕಟ್ಟಿನಿಂದ ಒಂದು ಹಾಳೆ ಎಳೆದು, "ಈ ಸುದ್ದಿಯನ್ನು ಯಾಕೆ ಹೀಗೆ ಗುರುತಿಸಿದ್ರಿ, ಹೇಳಿ" ಅಂದರು. ಅರ್ಧ ಗಂಟೆ ಅದರ ಮೇಲೆಯೇ ಮಾತು ನಡೆಯಿತು.