ಮೀಟರ್ ಸ್ಕೇಲಿನಲ್ಲಿ ಟಾರ್ಕ್: ತೂತು ಎಲ್ಲಿ ಕೊರೆಯಬೇಕು?

ಟಾರ್ಕ್, ಅಂದರೆ ಬಲವೊಂದು ವಸ್ತುವನ್ನು ತಿರುಗಿಸುವ ಪರಿಣಾಮ. ಅದರ ಪಾಠಕ್ಕೆ ನಾನು ಬಳಸುವುದು ಇಷ್ಟೇ: ಮರದ ಮೀಟರ್ ಸ್ಕೇಲು, ಮೊಳೆ, ದಾರ, ಸ್ಪ್ರಿಂಗ್ ತ್ರಾಸು, ಒಂದಿಷ್ಟು ತೂಕ. ತೂಕದ ಸೆಟ್ ಇಲ್ಲದಿದ್ದರೆ ಸಣ್ಣ ಪ್ಲಾಸ್ಟಿಕ್ ಚೀಲಕ್ಕೆ ಸಿರಿಂಜಿನಲ್ಲಿ ಅಳೆದು ನೀರು ತುಂಬುತ್ತೇನೆ. ಮಿಲಿಲೀಟರಿಗೆ 1 ಗ್ರಾಂ.

ಸ್ಕೇಲಿಗೆ ತೂತು ಕೊರೆದು ಮೊಳೆಗೆ ಸಿಕ್ಕಿಸುತ್ತೇನೆ, ಸ್ಕೇಲು ತಿರುಗುವುದು ಅದರ ಮೇಲೆ. ಪ್ರಯೋಗ ಕೈಕೊಡುವುದು ಹೆಚ್ಚಾಗಿ ಈ ತೂತಿನಿಂದ. 50 ಸೆಂ.ಮೀ. ಗೆರೆಯಲ್ಲಿ, ಪಟ್ಟಿಯ ನಟ್ಟನಡುವೆ ಕೊರೆದರೆ ಖಾಲಿ ಸ್ಕೇಲು ಎಷ್ಟು ಓರೆಯಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತದೆ. ಕುಣಿಕೆ ಹಾಕಿ ತೂಕ ನೇತುಬಿಟ್ಟರೆ, ಎರಡೂ ಕಡೆಯ ಲೆಕ್ಕ (ತೂಕ × ದೂರ) ಸರಿಯಿದ್ದರೂ ಮಗುಚಿಕೊಳ್ಳುತ್ತದೆ. ಕುಣಿಕೆ ಕೂರುವುದು ಸ್ಕೇಲಿನ ಮೇಲಂಚಿನಲ್ಲಿ, ಅಂದರೆ ಭಾರ ಬೀಳುವ ಜಾಗ ಮೊಳೆಗಿಂತ ಮೇಲೆ. ಅದಕ್ಕೇ 2 ಮಿ.ಮೀ. ಬಿಟ್ ಹಾಕಿ ಮೇಲಂಚಿನಿಂದ 3 ಮಿ.ಮೀ. ಕೆಳಗೆ ಕೊರೆಯುತ್ತೇನೆ. ಆಗ ಸ್ಕೇಲಿನ ಗುರುತ್ವ ಕೇಂದ್ರ ಮೊಳೆಯ ಕೆಳಗೆ ಸಾಕಷ್ಟು ದೂರದಲ್ಲಿದ್ದು, ಸ್ಕೇಲು ತಾನಾಗಿ ಮಟ್ಟಕ್ಕೆ ಬರುತ್ತದೆ. ಖಾಲಿ ಸ್ಕೇಲು ಒಂದು ಕಡೆ ವಾಲಿದರೆ ಇನ್ನೊಂದು ತುದಿಗೆ ಚೂರು ಮೇಣ ಮೆತ್ತಿದರಾಯಿತು.

100 ಗ್ರಾಂ 30ರ ಗೆರೆಯಲ್ಲಿ, 50 ಗ್ರಾಂ 90ರ ಗೆರೆಯಲ್ಲಿ ಇಟ್ಟರೆ ಸಮತೋಲ. ಇಲ್ಲಿ ಮಕ್ಕಳು 100×30, 50×90 ಎಂದು ಬರೆದು ಲೆಕ್ಕ ಕೂಡಲಿಲ್ಲ ಎನ್ನುತ್ತಾರೆ. ಬರೆಯಲಿ ಬಿಡಿ. ದೂರವನ್ನು ಮೊಳೆಯಿಂದ ಅಳೆಯಬೇಕು ಎಂಬುದು ಈ ತಪ್ಪಿನಿಂದಲೇ ಗಟ್ಟಿಯಾಗುತ್ತದೆ: 100×20, 50×40.

ನಿಜವಾದ ಕಷ್ಟ ಕೋನದ್ದು. ಸೈನ್ ಥೀಟಾ ಇರುವ ಸೂತ್ರ (ಬಲ × ದೂರ × ಸೈನ್ ಥೀಟಾ, ಥೀಟಾ ಎಂದರೆ ಕೋನ) ಬಾಯಿಪಾಠವಾಗಿರುತ್ತದೆ, ಲಂಬದೂರ, ಅಂದರೆ ಮೊಳೆಯಿಂದ ಬಲದ ಗೆರೆಗೆ ಇರುವ ನೇರ ದೂರ, ಮಾತ್ರ ಕಣ್ಣಿಗೆ ಬಿದ್ದಿರುವುದಿಲ್ಲ. 30ರ ಗೆರೆಯಲ್ಲಿ 200 ಗ್ರಾಂ ನೇತುಹಾಕಿ, ಮೊಳೆಯ ತೂತಿನ ಸಾಲಿನಲ್ಲೇ 90ರ ಗೆರೆಗೆ ಇನ್ನೊಂದು ತೂತು ಕೊರೆದು ದಾರ ಕಟ್ಟಿ, ಸ್ಪ್ರಿಂಗ್ ತ್ರಾಸಿನಿಂದ ಕೆಳಕ್ಕೆ ಎಳೆಯಿರಿ. ನೇರ ಎಳೆದರೆ 100 ಗ್ರಾಂ. ದಾರ ಸ್ಕೇಲಿಗೆ 30 ಡಿಗ್ರಿ ಕೋನದಲ್ಲಿದ್ದರೆ ಸುಮಾರು 200. ಹಿಂದೆ ಡ್ರಾಯಿಂಗ್ ಶೀಟ್ ಇಟ್ಟು ದಾರದ ಗೆರೆಯನ್ನು ಉದ್ದಕ್ಕೆ ಎಳೆದು, ಮೊಳೆಯಿಂದ ಅದಕ್ಕೆ ಮೂಲೆಮಟ್ಟದಲ್ಲಿ ಲಂಬ ಹಾಕಿಸುತ್ತೇನೆ. 20 ಸೆಂ.ಮೀ. ಬರುತ್ತದೆ. ಸೂತ್ರ ಅದಾದ ಮೇಲೆ. ಸ್ಕೇಲನ್ನು ಮೊಳೆಯ ಬದಲು ದಾರದಲ್ಲಿ ತೂಗುಹಾಕಿದ್ದರೆ ಓರೆ ಎಳೆತಕ್ಕೆ ಪಕ್ಕಕ್ಕೆ ಸರಿದುಬಿಡುತ್ತದೆ. ತ್ರಾಸನ್ನು ತಲೆಕೆಳಗಾಗಿ ಹಿಡಿಯುವುದರಿಂದ ಕೊಕ್ಕೆಯ ತೂಕ ಓದಿಗೆ ಅಡ್ಡ ಬರುತ್ತದೆ. ಎಳೆಯುವ ಭಂಗಿಯಲ್ಲೇ ಸೊನ್ನೆಗೆ ಹೊಂದಿಸಿಕೊಳ್ಳಬೇಕು.

ಸ್ಕೇಲಿನ ತೂಕ ಕಂಡುಹಿಡಿಯಲು 30ರ ಗೆರೆಯಲ್ಲಿ ಇನ್ನೊಂದು ತೂತು ಕೊರೆದು ಮೊಳೆಯನ್ನು ಅಲ್ಲಿಗೆ ಬದಲಿಸಿದರೆ ಸಾಕು. ಸ್ಕೇಲಿನ ತೂಕ ಬೀಳುವುದು ಅದರ ಗುರುತ್ವ ಕೇಂದ್ರವಿರುವ 50ರ ಗೆರೆಯಲ್ಲಿ, ಮೊಳೆಯಿಂದ 20 ಸೆಂ.ಮೀ. ದೂರ. 100 ಗ್ರಾಂ ತೂಕ 8ರ ಗೆರೆಯಲ್ಲಿ ಸಮತೋಲ ಕೊಟ್ಟರೆ 100×22 = 20×ತೂಕ, ಅಂದರೆ 110 ಗ್ರಾಂ. ಅಂಗಡಿಯ ತಕ್ಕಡಿಯಲ್ಲಿ ತಾಳೆ ನೋಡಲಿ.

ಸನ್ನೆಯ ವರ್ಗಗಳಿಗೆ ಹೆಚ್ಚು ಹೊತ್ತು ಕೊಡುವುದಿಲ್ಲ. ಅಡಕತ್ತರಿ ಒಂದು ಸಾಕು: ಕೀಲಿನಿಂದ 3 ಸೆಂ.ಮೀ.ನಲ್ಲಿ ಅಡಕೆ, 15ರಲ್ಲಿ ಕೈ, ಐದು ಪಟ್ಟು ಬಲ.

ರಾಟೆಯಲ್ಲಿ ಮಾತ್ರ ಎಚ್ಚರ ಬೇಕು. ಚಲಿಸುವ ಒಂದು ರಾಟೆಯಿಂದ 500 ಗ್ರಾಂ ಎತ್ತಲು 250 ಗ್ರಾಂ ಎಳೆತ ಸಾಕೆಂದು ಹೇಳಿ ತ್ರಾಸು ತೋರಿಸಿದರೆ ಮಾತು ಸುಳ್ಳಾಗುತ್ತದೆ. ರಾಟೆಯೂ ಹೊರೆಯೊಂದಿಗೆ ಮೇಲೇರುತ್ತದಲ್ಲ. ಅದು 50 ಗ್ರಾಂ ಇದ್ದರೆ 275 ಆಗಬೇಕು. ಘರ್ಷಣೆಯಿಂದ ಎತ್ತುವಾಗ ಓದು ಅದಕ್ಕಿಂತ ಹೆಚ್ಚು, ಇಳಿಸುವಾಗ ಕಡಿಮೆ. ಎರಡೂ ಸಲ ಒಂದೇ ನಿಧಾನದಲ್ಲಿ ಎಳೆದು ಸರಾಸರಿ ತೆಗೆದರೆ 275ರ ಹತ್ತಿರ ಬಂದು ನಿಲ್ಲುತ್ತದೆ.