ರದ್ದು ಮಾಡಿ ಅನ್ನಲಿಲ್ಲ, ತಡೀರಿ ಅಂದೆವು: ನ್ಯೂ ಜೆರ್ಸಿಯಲ್ಲಿ ನನ್ನ ಅನುಭವ

ಶಾಸಕರೊಬ್ಬರ ಕಚೇರಿಗೆ ಮೊದಲ ಸಲ ಹೋದಾಗ ನನ್ನ ಕೈಯಲ್ಲಿ 14 ಪುಟದ ಫೈಲ್ ಇತ್ತು. ವಾಪಸ್ ಬರುವಾಗಲೂ ಅದು ನನ್ನ ಕೈಯಲ್ಲೇ ಇತ್ತು. ಯಾರೂ ತಗೊಳ್ಳಲಿಲ್ಲ.

ಅದು 2005. ನಾನು ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಎಡಿಸನ್‌ನಲ್ಲಿದ್ದೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಎಚ್-1ಬಿ ವೀಸಾ, ವೋಟಿಲ್ಲ. ಇಂಥವಳಿಗೆ ಮರಣದಂಡನೆ ವಿರುದ್ಧ ಓಡಾಡೋ ಕೆಲಸ ಯಾಕೆ ಬೇಕಿತ್ತು ಅಂತ ಎಷ್ಟೋ ಜನ ಕೇಳಿದ್ದಾರೆ. ನಾನು ಬೆಳಗಾವಿಯವಳು. ಹಿಂಡಲಗಾ ಜೈಲು ಅಂದರೆ ಗಲ್ಲು ಅಂತ ತಿಳಿದುಕೊಂಡೇ ಬೆಳೆದವಳು. ಜಗಳ ಆಡುವಾಗ ‘ನಿನ್ನ ಹಿಂಡಲಗಾಕ್ಕ ಕಳಸ್ತೀನಿ’ ಅಂತಲೇ ಬೈಯುತ್ತಿದ್ದೆವು. ಆದರೆ ಅದರ ಬಗ್ಗೆ ಕೂತು ಯೋಚನೆ ಮಾಡಿದ್ದು 2004ರ ಆಗಸ್ಟ್‌ನಲ್ಲಿ. ಕೋಲ್ಕತ್ತಾದಲ್ಲಿ ಕೊಲೆ ಕೇಸಿನ ಅಪರಾಧಿ ಧನಂಜಯ್ ಚಟರ್ಜಿಯನ್ನು ಗಲ್ಲಿಗೇರಿಸಿದರು. ಆ ವಾರ ನಮ್ಮ ಕನ್ನಡ ಬಳಗದ ಪಾಟ್‌ಲಕ್‌ನಲ್ಲಿ ಬಿಸಿಬೇಳೆಬಾತ್ ಆರಿಹೋಗುವಷ್ಟು ಹೊತ್ತು ವಾದ ನಡೆಯಿತು. ಅಲ್ಲೇ ಒಬ್ಬರು ಕೇಳಿದರು, ‘ಇಲ್ಲೂ ಅದು ಇದೆ, ಗೊತ್ತಾ?’ ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ.

ನ್ಯೂ ಜೆರ್ಸಿಯ ಕಥೆ ಸ್ವಲ್ಪ ವಿಚಿತ್ರ. 1982ರಲ್ಲಿ ಮರಣದಂಡನೆಯ ಕಾನೂನನ್ನು ಮತ್ತೆ ತಂದರು. ಆದರೆ ಅಲ್ಲಿಂದ ಒಬ್ಬರಿಗೂ ಶಿಕ್ಷೆ ಜಾರಿ ಆಗಿರಲಿಲ್ಲ. ಕೊನೆಯದು ಆಗಿದ್ದು 1963ರಲ್ಲಿ. ಕೆಳಗಿನ ಕೋರ್ಟಲ್ಲಿ ಶಿಕ್ಷೆ ಆಗುತ್ತಿತ್ತು, ಮೇಲಿನ ಕೋರ್ಟಲ್ಲಿ ಬಿದ್ದುಹೋಗುತ್ತಿತ್ತು. 2004ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟು ಪ್ರಾಣ ತೆಗೆಯೋ ಇಂಜೆಕ್ಷನ್ ಕೊಡೋ ನಿಯಮಗಳೇ ಸರಿಯಿಲ್ಲ ಅಂದಿತು. ನಾವು ಕನ್ನಡದಲ್ಲಿ ‘ಗಲ್ಲು’ ಅಂತಲೇ ಮಾತಾಡುತ್ತಿದ್ದರೂ ಅಲ್ಲಿ ಇದ್ದದ್ದು ಇಂಜೆಕ್ಷನ್. ಅದಕ್ಕೆ ಸ್ವಲ್ಪ ಮುಂಚೆ, ಈ ಕಾನೂನಿನ ಬಗ್ಗೆ ಅಧ್ಯಯನ ಮಾಡಿಸೋ ಮಸೂದೆಯೊಂದು ಶಾಸನಸಭೆಯಲ್ಲಿ ಪಾಸಾಗಿತ್ತು. ಆಗಿನ ಗವರ್ನರ್ ಜಿಮ್ ಮೆಕ್‌ಗ್ರೀವಿ ಅದನ್ನು ವೀಟೋ ಮಾಡಿದ್ದರು.

ಹಾಗಾಗಿ ನಾನು ಸೇರಿಕೊಂಡಾಗ ಗುಂಪಿನಲ್ಲಿದ್ದವರು ಆಗಲೇ ಒಂದು ಸೋಲು ಕಂಡವರು. ಲೈಬ್ರರಿಯ ಕೆಳಮಹಡಿಯ ಕೋಣೆಯಲ್ಲಿ ಮೀಟಿಂಗು. ಇಬ್ಬರು ಕ್ಯಾಥೊಲಿಕ್ ಸಿಸ್ಟರ್‌ಗಳು, ಒಬ್ಬ ನಿವೃತ್ತ ಮೇಷ್ಟ್ರು, ಕಾಲೇಜು ಹುಡುಗರು, ನಾನು. ಅಲ್ಲಿ ಮೊದಲು ಕಲಿಸಿದ್ದೇ ಒಂದು ಪದವನ್ನು ಬಿಡೋದು. ‘ರದ್ದು’ ಅನ್ನಬೇಡ. ‘ತಡೀರಿ’ ಅನ್ನು, ಅಂದರೆ ಸದ್ಯಕ್ಕೆ ನಿಲ್ಲಿಸಿ ಅಂತ.

ನನಗೆ ಅದು ಹಿಡಿಸಲಿಲ್ಲ. ಬೇಡ ಅಂದಮೇಲೆ ಬೇಡ ಅಂತ ನೆಟ್ಟಗೆ ಹೇಳೋಕೆ ಏನು ಕಷ್ಟ ಅಂದುಕೊಂಡೆ. ಆ 14 ಪುಟದ ಫೈಲ್ ಹಿಡಿದು ಹೋಗಿದ್ದು ಅದಕ್ಕೇ. ಶಾಸಕರು ಸಿಗಲಿಲ್ಲ, ಅವರ ಸಹಾಯಕ ಸಿಕ್ಕ. ಇಪ್ಪತ್ತೈದರ ಹುಡುಗ, ಟೈ ಸಡಿಲ ಆಗಿತ್ತು. ನಾನು ಗಾಂಧಿಯಿಂದ ಶುರು ಮಾಡಿದೆ. ಎಂಟು ನಿಮಿಷ ಆದಮೇಲೆ ಅವನು ಕೇಳಿದ, ‘ಮೇಡಂ, ನಮ್ಮಿಂದ ನಿಮಗೆ ಏನು ಆಗಬೇಕು?’ ನನ್ನ ಹತ್ತಿರ ಒಂದು ವಾಕ್ಯದ ಉತ್ತರ ಇರಲಿಲ್ಲ.

ಆಗ ಶಾಸನಸಭೆಯ ಮುಂದಿದ್ದ ಹೊಸ ಮಸೂದೆಯನ್ನು ಸರಿಯಾಗಿ ಓದಿದ್ದು ಆ ರಾತ್ರಿ. ಅದರಲ್ಲಿ ಎರಡೇ ವಿಷಯ. 13 ಜನರ ಒಂದು ಸಮಿತಿ ಮಾಡಿ. ಖರ್ಚೆಷ್ಟು, ಜನಾಂಗ ನೋಡಿ ಶಿಕ್ಷೆ ಕೊಡ್ತಿದ್ದಾರಾ, ತಪ್ಪಿಲ್ಲದವನು ಸಿಕ್ಕಿಬೀಳಬಹುದಾ, ಪೆರೋಲ್ ಇಲ್ಲದ ಜೀವಾವಧಿ ಸಾಕಾಗಲ್ವಾ ಅಂತೆಲ್ಲ ಅವರು ನೋಡಲಿ. ವರದಿ ಬಂದು 60 ದಿನ ಆಗೋ ತನಕ ಯಾರಿಗೂ ಶಿಕ್ಷೆ ಜಾರಿ ಮಾಡಬೇಡಿ. ಅಷ್ಟೇ.

ಇದನ್ನು ಒಪ್ಪೋಕೆ ನೀವು ಗಾಂಧಿವಾದಿ ಆಗಬೇಕಿಲ್ಲ. ಗಲ್ಲು ಬೇಕು ಅನ್ನೋನೂ ಒಪ್ಪಬಹುದು. ಈ ಮಾತು ನನ್ನ ತಲೆಗೆ ಇಳಿಯೋಕೆ ಒಂದು ತಿಂಗಳು ಹಿಡಿಯಿತು. ಆಮೇಲೆ ಫೈಲ್ ಬಿಸಾಕಿ ಒಂದು ಇಂಡೆಕ್ಸ್ ಕಾರ್ಡ್ ಮಾಡಿಕೊಂಡೆ. ನಾನು ಯಾರು, ಯಾವ ಬೀದಿ, ಮಸೂದೆ ಯಾವುದು, ನಿಮ್ಮ ಶಾಸಕರು ಹೌದು ಅಂತಾರಾ. ನಾಲ್ಕು ಸಾಲು. ವೋಟಿಲ್ಲ ಅನ್ನೋದನ್ನು ಮುಚ್ಚಿಡಲಿಲ್ಲ, ಆದರೆ ಹೆಚ್ಚಿನವರು ಕೇಳಿದ್ದು ಯಾವ ಊರು ಅಂತ ಮಾತ್ರ. ನ್ಯೂ ಜೆರ್ಸಿಯಲ್ಲಿ 40 ಜಿಲ್ಲೆ. ಒಂದೊಂದಕ್ಕೂ ಒಬ್ಬ ಸೆನೆಟರ್, ಇಬ್ಬರು ಅಸೆಂಬ್ಲಿ ಸದಸ್ಯರು. ಸೆನೆಟ್‌ನಲ್ಲಿ 21 ವೋಟು ಬೇಕು, ಅಸೆಂಬ್ಲಿಯಲ್ಲಿ 41. ನಾನು ಆಫೀಸಿನಲ್ಲಿ ಬಗ್‌ಗಳಿಗೆ, ಅಂದರೆ ಸಾಫ್ಟ್‌ವೇರಿನ ದೋಷಗಳಿಗೆ, ಮಾಡುವ ಹಾಗೇ ಎಕ್ಸೆಲ್‌ನಲ್ಲಿ ಹಸಿರು, ಹಳದಿ, ಕೆಂಪು ಹಾಕಿ ಶೀಟ್ ಮಾಡಿದೆ. ಗುಂಪಿನಲ್ಲಿ ನನಗೆ ಬೆಲೆ ಬಂದಿದ್ದು ಆ ಶೀಟಿನಿಂದ, ಭಾಷಣದಿಂದಲ್ಲ.

ಕಾಗದಗಳ ವಿಷಯದಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಯುಗಾದಿ ಕಾರ್ಯಕ್ರಮದಲ್ಲಿ ಟೇಬಲ್ ಹಾಕಿ, ಒಂದೇ ಒಕ್ಕಣೆಯ ಪತ್ರಕ್ಕೆ 43 ಜನರ ಸಹಿ ತಗೊಂಡೆ. ಅಂಚೆ ಖರ್ಚು ಉಳಿಸೋಣ ಅಂತ ಎಲ್ಲವನ್ನೂ ಒಂದೇ ದಪ್ಪ ಕವರಿಗೆ ತುಂಬಿ ಒಂದು ಕಚೇರಿಗೆ ಕಳಿಸಿದೆ. ಎರಡು ವಾರ ಬಿಟ್ಟು ಫೋನ್ ಮಾಡಿದರೆ, ‘ಹೌದು, ಈ ಮಸೂದೆ ಬಗ್ಗೆ ಒಂದು ಪತ್ರ ಬಂದಿದೆ’ ಅಂದರು. ಒಂದು! ಅವರು ಎಣಿಸೋದು ಕವರನ್ನು. ಒಂದೇ ಒಕ್ಕಣೆ ಇದ್ದರೆ ಅದಕ್ಕೂ ಬೆಲೆ ಇಲ್ಲ. ಮುಂದಿನ ಸಲ ಖಾಲಿ ಹಾಳೆ, ಪೆನ್ನು, ಸ್ಟಾಂಪ್ ಹಚ್ಚಿದ ಕವರ್ ಇಟ್ಟುಕೊಂಡು ಕೂತೆ. ನಿಮ್ಮ ಮಾತಲ್ಲಿ ಎರಡೇ ಸಾಲು ಬರೀರಿ ಅಂದೆ. 11 ಜನ ಬರೆದರು. ಈ 11ಕ್ಕೆ ಆ 43ಕ್ಕಿಂತ ಜಾಸ್ತಿ ತೂಕ ಇತ್ತು.

ಆ 11ರಲ್ಲಿ ಸೇರದ ಇನ್ನೊಂದು ಪತ್ರ ಇತ್ತು. ಮಗಳ ಬಾಣಂತನಕ್ಕೆ ಅಂತ ಧಾರವಾಡದಿಂದ ಬಂದಿದ್ದ ಹಿರಿಯರೊಬ್ಬರು, ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ಕೂತು ಮೂರು ಪುಟ ಕನ್ನಡದಲ್ಲಿ ಬರೆದು ಮಡಚಿ ಕೊಟ್ಟರು. ‘ಯಾರರೆ ಓದಿ ಹೇಳ್ತಾರ ಅವರಿಗೆ’ ಅಂದರು. ಅವರದ್ದು ವಿಸಿಟರ್ ವೀಸಾ, ಮೇಲಾಗಿ ಕನ್ನಡ. ನಾನು ಬ್ಯಾಗಿಗೆ ಹಾಕಿಕೊಂಡೆ.

ಇನ್ನೊಂದು ತಪ್ಪು ಈಗಲೂ ಕುಟುಕುತ್ತದೆ. ‘ಬಗ್ ಇದೆ ಅಂತ ಗೊತ್ತಾದಮೇಲೆ ನಾವು ರಿಲೀಸ್ ಹೋಲ್ಡ್ ಮಾಡ್ತೀವಿ, ಸರ್ಕಾರವೂ ಹಾಗೇ ಮಾಡಲಿ’ ಅನ್ನೋ ಮಾತು ನನಗೆ ಅಭ್ಯಾಸ ಆಗಿಬಿಟ್ಟಿತ್ತು. ಎಲ್ಲ ಕಡೆ ಚೆನ್ನಾಗಿ ನಡೀತಿತ್ತು. ಒಂದು ಚರ್ಚ್ ಹಾಲಿನಲ್ಲಿ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಅವಳ ಮಗನನ್ನು ಯಾರೋ ಕೊಂದಿದ್ದರು. ಅವಳು ಕೂಗಾಡಲಿಲ್ಲ. ‘ನನ್ನ ಮಗ ಸಾಫ್ಟ್‌ವೇರ್ ಅಲ್ಲ’ ಅಂದಳು, ಕೂತಳು. ಆಮೇಲೆ ಕಾಫಿ ಮೇಜಿನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಪೇಪರ್ ಕಪ್ಪಿನ ಅಂಚನ್ನು ಉಗುರಲ್ಲಿ ಬಿಚ್ಚುತ್ತಾ ಮಾತಾಡಿದಳು. ಅವಳೂ ಈ ಮಸೂದೆಗೆ ವಿರುದ್ಧ ಇರಲಿಲ್ಲ, ನೋಡಿ. ಪ್ರತಿ ಅಪೀಲಿಗೂ ಮತ್ತೆ ಟಿವಿಯವರು, ಮತ್ತೆ ಮಗನ ಫೋಟೋ. ಇಂಥ ಮನೆಗಳಿಗೆ ಈ ಕಾನೂನು ಏನು ಕೊಟ್ಟಿದೆ ಅಂತ ಯಾರಾದರೂ ಕೇಳಲಿ ಅನ್ನೋದು ಅವಳ ಮಾತು. ನಾನು ಆ ಉಪಮೆಯನ್ನು ಅವತ್ತೇ ಬಿಟ್ಟೆ. ಆಮೇಲೆ ರಾಜ್ಯದ ರಾಜಧಾನಿ ಟ್ರೆಂಟನ್‌ಗೆ ಹೋಗುವಾಗೆಲ್ಲ ಸಾಧ್ಯವಾದರೆ ಅಂಥ ಮನೆಯವರ ಜೊತೆಗೇ ಹೋದೆವು. ಮಾತು ಅವರದ್ದು. ನಾನು ಕಾರ್ಡ್ ಹಂಚೋದು, ಹೆಸರು ಬರೆದುಕೊಳ್ಳೋದು.

ಟ್ರೆಂಟನ್‌ಗೆ ರಜೆ ಹಾಕಿಯೇ ಹೋಗಬೇಕು. ಎಡಿಸನ್‌ನಿಂದ ರೈಲು, ಕೊನೆಯ ಸ್ಟೇಷನ್ನಿಗೆ ಇಳಿದು ಸ್ಟೇಟ್‌ಹೌಸ್‌ನ ಚಿನ್ನದ ಗುಮ್ಮಟದ ಕಡೆ ನಡೆಯೋದು. 2005ರ ಡಿಸೆಂಬರ್ 15ಕ್ಕೆ ಸೆನೆಟ್‌ನಲ್ಲಿ ಮಸೂದೆ 30-6ರಲ್ಲಿ ಪಾಸಾಯಿತು. ನನ್ನ ಶೀಟಿನಲ್ಲಿ ಅಷ್ಟು ಹಸಿರು ಇರಲೇ ಇಲ್ಲ. 2006ರ ಜನವರಿ 9ಕ್ಕೆ ಅಸೆಂಬ್ಲಿಯಲ್ಲಿ 55-21. ಹಂಗಾಮಿ ಗವರ್ನರ್ ರಿಚರ್ಡ್ ಕೋಡಿ 12ನೇ ತಾರೀಖು ಸಹಿ ಹಾಕಿದರು. ಐದು ದಿನ ಕಳೆದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು. ಕೆಲವು ರಾಜ್ಯಗಳಲ್ಲಿ ಗವರ್ನರ್‌ಗಳೇ ತಡೆದಿದ್ದರು. ಇಲಿನಾಯ್‌ನಲ್ಲಿ 2000ದಲ್ಲಿ ಜಾರ್ಜ್ ರಯಾನ್ ಹಾಗೇ ಮಾಡಿದ್ದು. ಶಾಸನಸಭೆಯೇ ಕಾನೂನು ಮಾಡಿ ತಡೆದ ಮೊದಲ ರಾಜ್ಯ ನ್ಯೂ ಜೆರ್ಸಿ.

ಮುಂದಿನ ಕಥೆ ಬೇಗ ಹೇಳ್ತೀನಿ, ಯಾಕೆಂದರೆ ಅದರಲ್ಲಿ ನನ್ನ ಕೆಲಸ ಕಮ್ಮಿ. ಸಮಿತಿ ಸಾರ್ವಜನಿಕ ವಿಚಾರಣೆ ನಡೆಸಿತು, 2007ರ ಜನವರಿಯಲ್ಲಿ ವರದಿ ಕೊಟ್ಟಿತು. ಪ್ರಾಸಿಕ್ಯೂಟರ್‌ಗಳು, ಪಾದ್ರಿಗಳು, ಕೊಲೆಯಾದವರ ಮನೆಯವರು, ಎಲ್ಲ ಇದ್ದ ಸಮಿತಿ ಅದು. 13ರಲ್ಲಿ 12 ಜನ ರದ್ದು ಮಾಡಿ ಅಂದರು. ಒಪ್ಪದ ಒಬ್ಬರು 1982ರ ಕಾನೂನನ್ನು ತಂದಿದ್ದ ಜಾನ್ ರೂಸೋ. ಮರಣದಂಡನೆ ತೆಗೆದರೆ ಒಬ್ಬ ಕೈದಿಯ ಜೀವಮಾನದಲ್ಲಿ 9.7 ಲಕ್ಷದಿಂದ 13 ಲಕ್ಷ ಡಾಲರ್ ತನಕ ಉಳಿಯುತ್ತದೆ ಅಂತ ಜೈಲು ಇಲಾಖೆಯೇ ಅಂದಾಜು ಕೊಟ್ಟಿತ್ತು. ನಮ್ಮ ಬಳಗದಲ್ಲಿ ಗಾಂಧಿಗೆ ಬಗ್ಗದವರು ಈ ಲೆಕ್ಕಕ್ಕೆ ಬಗ್ಗಿದರು!

ಅದೇ ವರ್ಷದ ಮೇ ತಿಂಗಳಲ್ಲಿ ಬೈರನ್ ಹಾಲ್ಸಿ ಅನ್ನೋರ ಮೇಲಿನ ತೀರ್ಪು ರದ್ದಾಯಿತು. ನಮ್ಮ ಪಕ್ಕದ ಪ್ಲೇನ್‌ಫೀಲ್ಡ್‌ನ ಕೇಸು. ಎರಡು ಮಕ್ಕಳ ಕೊಲೆ ಅಂತ 1988ರಲ್ಲಿ ಶಿಕ್ಷೆ ಆಗಿತ್ತು. ಸರ್ಕಾರದ ವಕೀಲರು ಮರಣದಂಡನೆಯನ್ನೇ ಕೇಳಿದ್ದರು, ಜ್ಯೂರಿ ಕೊಟ್ಟಿರಲಿಲ್ಲ. 19 ವರ್ಷ ಆದಮೇಲೆ ಡಿಎನ್‌ಎ ಬೇರೆಯವನ ಕಡೆ ಬೆರಳು ತೋರಿಸಿತು. ಹಾಗಂತ ಎಲ್ಲ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇತ್ತು ಅಂತ ತಿಳಿಯಬೇಡಿ. ಸಾವಿನ ಶಿಕ್ಷೆ ಆಗಿದ್ದ ಎಂಟು ಜನರಲ್ಲಿ ಒಬ್ಬ, 7 ವರ್ಷದ ಹುಡುಗಿಯನ್ನು ಕೊಂದವನು. ಮೇಗನ್ಸ್ ಲಾ ಅಂತ ಅವಳ ಹೆಸರಲ್ಲೇ ಕಾನೂನಿದೆ. ‘ಅವನಿಗೂ ತಡೀರಿ ಅಂತೀಯಾ?’ ಅಂತ ಒಬ್ಬ ಗೆಳತಿ ಕೇಳಿದಾಗ ‘ಹೂಂ’ ಅಂದೆ. ಎರಡು ವರ್ಷ ಅವಳು ನಮ್ಮ ಮನೆಗೆ ಬರಲಿಲ್ಲ.

ರದ್ದು ಮಾಡೋ ಮಸೂದೆ 2007ರ ಡಿಸೆಂಬರ್ 10ಕ್ಕೆ ಸೆನೆಟ್‌ಗೆ ಬಂತು. 21-16. ಬೇಕಾದ 21, ಒಂದೂ ಹೆಚ್ಚಿಲ್ಲ. ಮೂರು ದಿನ ಬಿಟ್ಟು ಅಸೆಂಬ್ಲಿಯಲ್ಲಿ 44-36. ‘ತಡೀರಿ’ ಅಂದಾಗ ಸೆನೆಟ್‌ನಲ್ಲಿ 30 ಜನ ಕೈ ಎತ್ತಿದ್ದರು ಅಲ್ವಾ. 2005ರಲ್ಲೇ ನನ್ನ ಹಟದಂತೆ ‘ರದ್ದು’ ಅಂತ ಹೊರಟಿದ್ದರೆ ಎಷ್ಟು ಬರುತ್ತಿತ್ತೋ. 17ನೇ ತಾರೀಖು ಗವರ್ನರ್ ಜಾನ್ ಕಾರ್ಜೈನ್ ಸಹಿ ಹಾಕಿದರು. ಹಿಂದಿನ ದಿನವೇ ಆ ಎಂಟು ಜನರ ಶಿಕ್ಷೆಯನ್ನು ಪೆರೋಲ್ ಇಲ್ಲದ ಜೀವಾವಧಿಗೆ ಇಳಿಸಿದ್ದರು.

ಸಹಿ ಬಿದ್ದಾಗ ನಾನು ಆಫೀಸಿನಲ್ಲಿದ್ದೆ. ವರ್ಷದ ಕೊನೆಯ ರಿಲೀಸು, ತಲೆ ಎತ್ತೋಕೂ ಪುರುಸೊತ್ತಿಲ್ಲ. ರಾತ್ರಿ ಮನೆಗೆ ಬಂದು ಫೋನ್ ಕಾರ್ಡ್ ಗೀಚಿ ಧಾರವಾಡಕ್ಕೆ ಫೋನ್ ಹಚ್ಚಿದೆ. ಅಲ್ಲಿ ಬೆಳಗ್ಗೆ. ಹಿರಿಯರು ಪೇಪರ್ ಓದುತ್ತಾ ಕೂತಿದ್ದರಂತೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, ‘ಹಂಗಾರ ನನ್ನ ಕಾಗದಾ ಅವರಿಗೆ ಮುಟ್ಟಿತ್ತೇನವಾ?’

ಕಾಗದ ನನ್ನ ಮೇಜಿನ ಡ್ರಾಯರ್‌ನಲ್ಲೇ ಇತ್ತು. ‘ಮುಟ್ಟಿತ್ತರೀ ಕಾಕಾ’ ಅಂದೆ.