ಬಾಡಿಗೆ ಮನೆಯ ಸೋಲಾರ್: ಸ್ಕೂಟರಿಗೆ ಸಾಕು, ಕಾರಿಗೆ ಸಾಲದು

ಬೆಂಗಳೂರಿನ ಬಾಡಿಗೆ ಮನೆಯ ತಾರಸಿಗೆ ಡ್ರಿಲ್ ಹಾಕಲು ಮಾಲೀಕರು ಬಿಡುವುದಿಲ್ಲ; ಕರಾರು ಮುಗಿದರೆ ಎಲ್ಲವನ್ನೂ ಬಿಚ್ಚಿ ಒಯ್ಯಬೇಕು. ಹಾಗೆ ಒಯ್ಯಬಹುದಾದ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವ ಸೋಲಾರ್ ಜೋಡಣೆ ಇಲ್ಲಿದೆ.

ಮೊದಲು ಲೆಕ್ಕ. 400 ವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್ ಕೊಡುತ್ತದೆ. ಬ್ಯಾಟರಿ, ಇನ್ವರ್ಟರ್ ದಾಟಿ ಬರುವಾಗ ಕೈಗೆ ಸಿಗುವುದು ಒಂದು ಯೂನಿಟ್. ಅಷ್ಟರಲ್ಲಿ ಸ್ಕೂಟರ್ 25–30 ಕಿ.ಮೀ. ಓಡುತ್ತದೆ, ಕಾರು ಆರೇಳು. ಉಳಿತಾಯ ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುತ್ತಿದ್ದರೆ ಅದೂ ಇಲ್ಲ. ಪದೇ ಪದೇ ಕರೆಂಟ್ ಹೋಗುವ ಕಡೆ, ಪಾರ್ಕಿಂಗ್‌ನಲ್ಲಿ ಸಾಕೆಟ್ ಇಲ್ಲದ ಕಡೆ ಮಾತ್ರ ಇದು ಉಪಯೋಗ.

ಬೇಕಾದ ಸಾಮಾನು: 200 ವ್ಯಾಟ್‌ನ 12 ವೋಲ್ಟ್ ಪ್ಯಾನೆಲ್ ಎರಡು, 100 ವೋಲ್ಟ್ ತಡೆಯುವ 20 ಆಂಪಿಯರ್ ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲ್‌ನ ಕರೆಂಟನ್ನು ಬ್ಯಾಟರಿಗೆ ತಕ್ಕಂತೆ ಹೊಂದಿಸಿ ತುಂಬುವ ಪೆಟ್ಟಿಗೆ), 25.6 ವೋಲ್ಟ್ 50 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 24 ವೋಲ್ಟ್‌ನ 1500 ವಿಎ ಪ್ಯೂರ್ ಸೈನ್‌ವೇವ್ ಇನ್ವರ್ಟರ್. ಪ್ಯಾನೆಲ್‌ನಿಂದ 4 ಚದರ ಮಿ.ಮೀ. ಸೋಲಾರ್ ಕೇಬಲ್, ಬ್ಯಾಟರಿಯಿಂದ ಇನ್ವರ್ಟರ್‌ಗೆ 10 ಚದರ ಮಿ.ಮೀ. ತಾಮ್ರದ ವೈರ್, ಒಂದು ಮೀಟರ್ ಮೀರದಂತೆ. 750 ವ್ಯಾಟ್‌ನ ಸ್ಕೂಟರ್ ಚಾರ್ಜರ್ ಹಾಕಿದರೆ ಈ ವೈರಿನಲ್ಲಿ 33 ಆಂಪಿಯರ್ ಹರಿಯುತ್ತದೆ. ಸಣ್ಣ ವೈರ್ ಸುಟ್ಟೀತು. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 50 ಆಂಪಿಯರ್ ಡಿಸಿ ಫ್ಯೂಸ್ ಇರಲಿ. ಮನೆಯ ಎಸಿ ಕರೆಂಟಿನ ಎಂಸಿಬಿ (ಟ್ರಿಪ್ ಸ್ವಿಚ್) ಇಲ್ಲಿಗೆ ಆಗದು: ಬ್ಯಾಟರಿಯ ಡಿಸಿ ಕರೆಂಟಿನ ಕಿಡಿ ಸುಲಭವಾಗಿ ತಾನಾಗಿ ಆರುವುದಿಲ್ಲ.

ಪ್ಯಾನೆಲ್‌ಗಳನ್ನು ದಕ್ಷಿಣಕ್ಕೆ ಮುಖಮಾಡಿ, 13–15 ಡಿಗ್ರಿ ಓರೆಯಾಗಿ ಸ್ಟ್ಯಾಂಡಿನ ಮೇಲಿಡಿ. ಕೆಳಗೆ ಗಾಳಿಯಾಡಲು ನಾಲ್ಕು ಇಂಚಾದರೂ ಜಾಗ ಬೇಕು, ಕಾದಷ್ಟೂ ಉತ್ಪಾದನೆ ಇಳಿಯುತ್ತದೆ. ಸ್ಟ್ಯಾಂಡಿನ ಪ್ರತಿ ಕಾಲಿಗೂ ಸಾಲಿಡ್ ಬ್ಲಾಕ್ ಹೇರಿ, ಪ್ಯಾರಾಪೆಟ್ಟಿನ ಗಟ್ಟಿ ಕಬ್ಬಿಣಕ್ಕೆ ಹಗ್ಗ ಬಿಗಿಯಿರಿ. ಏಪ್ರಿಲ್–ಮೇ ಗಾಳಿಮಳೆಗೆ ಬರೀ ಬ್ಲಾಕ್ ನೆಚ್ಚಬೇಡಿ, ಕೆಳಗೆ ರಸ್ತೆಯಿದೆ. ನೀರಿನ ಟ್ಯಾಂಕ್, ಬಟ್ಟೆ ಒಣಹಾಕುವ ತಂತಿಯ ನೆರಳು ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ಥಟ್ಟನೆ ಕುಸಿಯುತ್ತದೆ.

ಒಂದು ಪ್ಯಾನೆಲ್‌ನ ಪ್ಲಸ್ಸನ್ನು ಇನ್ನೊಂದರ ಮೈನಸ್‌ಗೆ ಜೋಡಿಸಿದರೆ 48 ವೋಲ್ಟ್ ಆಸುಪಾಸು ಬರುತ್ತದೆ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಜೋಡಣೆ 12 ವೋಲ್ಟಿನದೋ 24 ವೋಲ್ಟಿನದೋ ಎಂದು ಕಂಟ್ರೋಲರ್ ನಿರ್ಧರಿಸುವುದು ಬ್ಯಾಟರಿ ನೋಡಿಯೇ. ಈ ಕ್ರಮ ತಪ್ಪಿದರೆ ಕೆಡುವ ಕಂಟ್ರೋಲರ್‌ಗಳಿವೆ. ಸೆಟ್ಟಿಂಗ್‌ನಲ್ಲಿ ಲಿಥಿಯಂ ಆರಿಸಿ, ಚಾರ್ಜಿಂಗ್ ವೋಲ್ಟೇಜ್ 28.4 ಕೊಡಿ, ಈಕ್ವಲೈಸ್ (ಲೆಡ್ ಆಸಿಡ್ ಬ್ಯಾಟರಿಗೆಂದು ಆಗಾಗ ಹೆಚ್ಚು ವೋಲ್ಟ್ ಕೊಡುವ ಚಾರ್ಜ್) ಆಫ್ ಮಾಡಿ. ಲೆಡ್ ಆಸಿಡ್ ಸೆಟ್ಟಿಂಗ್‌ನಲ್ಲೇ ಬಿಟ್ಟು ಬ್ಯಾಟರಿ ಹಾಳುಮಾಡಿಕೊಳ್ಳುವವರಿದ್ದಾರೆ.

ಸ್ಕೂಟರ್ ಚಾರ್ಜರ್ ಹಾಕಿದೊಡನೆ ಕೆಂಪು ದೀಪ ಬಂತೇ? ಸಾಮಾನ್ಯವಾಗಿ ಅರ್ತಿಂಗ್ ದೋಷ. ಇಂಥ ಇನ್ವರ್ಟರ್‌ಗಳಲ್ಲಿ ನ್ಯೂಟ್ರಲ್ ಅರ್ತ್‌ಗೆ ಸೇರಿರುವುದಿಲ್ಲ, ಚಾರ್ಜರ್ ಒಪ್ಪುವುದಿಲ್ಲ. ಕಾರಿನ ಚಾರ್ಜರ್ ಇನ್ನೂ ಕಟ್ಟುನಿಟ್ಟು. ಇದನ್ನು ಎಲೆಕ್ಟ್ರಿಷಿಯನ್‌ಗೇ ಬಿಡಿ.

ಜರ್ಮನಿಯಲ್ಲಿ 800 ವ್ಯಾಟ್‌ವರೆಗಿನ ಬಾಲ್ಕನಿ ಸೋಲಾರನ್ನು ನೇರ ಗೋಡೆಯ ಸಾಕೆಟ್ಟಿಗೇ ಚುಚ್ಚಬಹುದು. ಅಂಥ ಗ್ರಿಡ್ ಇನ್ವರ್ಟರ್ ತರಿಸಿ ಇಲ್ಲಿ ಪ್ರಯೋಗ ಮಾಡಬೇಡಿ. ಬೆಸ್ಕಾಂ ಒಪ್ಪಿಗೆ, ನೆಟ್ ಮೀಟರ್ (ಒಳಬಂದ, ಹೊರಹೋದ ಕರೆಂಟ್ ಎರಡನ್ನೂ ಎಣಿಸುವ ಮೀಟರ್) ಇಲ್ಲದಿದ್ದರೆ ಅದು ಅಕ್ರಮ. ಸಾಲದ್ದಕ್ಕೆ ಹೊರಗೆ ಹರಿದ ಕರೆಂಟನ್ನೂ ಬಳಕೆಯೆಂದೇ ಎಣಿಸುವ ಮೀಟರ್‌ಗಳಿವೆ. ನಿಮ್ಮ ಇನ್ವರ್ಟರ್ ಔಟ್‌ಪುಟ್ಟನ್ನೂ ಗೋಡೆಗೆ ಚುಚ್ಚಕೂಡದು: ಕರೆಂಟ್ ಹೋದಾಗ ಕಂಬದ ಮೇಲಿನ ಲೈನ್‌ಮನ್‌ಗೆ ಅದು ಹೊಡೆಯಬಹುದು.

ಮನೆ ಬದಲಿಸುವ ದಿನ ಪ್ಯಾನೆಲ್ ಮೇಲೆ ದಪ್ಪ ಬೆಡ್‌ಶೀಟ್ ಹೊದಿಸಿ; ಬಿಸಿಲು ಬೀಳುವಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ಕರೆಂಟ್ ಇರುತ್ತದೆ. ಮೊದಲು ಪ್ಯಾನೆಲ್ ಕೇಬಲ್, ಕೊನೆಗೆ ಬ್ಯಾಟರಿ ಬಿಚ್ಚಿ. ಬ್ಯಾಟರಿಯಲ್ಲಿ ಅರ್ಧದಷ್ಟು ಚಾರ್ಜ್ ಇರಲಿ, ಟರ್ಮಿನಲ್‌ಗಳಿಗೆ ಟೇಪ್ ಸುತ್ತಿರಲಿ.